ಬಿಗಿತ ಕಡಿಮೆ ಆಯಿತು, ಬೀಳುವುದು ಮಾತ್ರ ನಿಂತಿಲ್ಲ. ಯಾಕೆ? (ಸಿಪಿ ಮಕ್ಕಳ ಸ್ನಾಯು, ಬ್ಯಾಲೆನ್ಸ್, ಓಡಾಟ)

ಬೆಳ್ಳಕ್ಕಿ

ಮಗಳಿಗೆ ಆರು ವರ್ಷ. ಸೆರೆಬ್ರಲ್ ಪಾಲ್ಸಿ (ಸಿಪಿ, ಮೆದುಳಿಗೆ ಆದ ಹಾನಿಯಿಂದ ಚಲನೆಗೆ ಬರುವ ತೊಂದರೆ), ಎರಡೂ ಕಾಲಿನಲ್ಲಿ ಬಿಗಿತ. ಜಿಎಂಎಫ್‌ಸಿಎಸ್ ಎರಡನೇ ಹಂತ ಅಂತ ಫೈಲಿನಲ್ಲಿ ಬರೆದಿದ್ದಾರೆ (ಮಗುವಿನ ಓಡಾಟವನ್ನು ಐದು ಹಂತದಲ್ಲಿ ಹೇಳುವ ಪಟ್ಟಿ ಅದು, ಹಂತ ಏರಿದಷ್ಟೂ ಕಷ್ಟ ಜಾಸ್ತಿ). ತಾನೇ ನಡೆಯುತ್ತಾಳೆ, ಮೆಟ್ಟಿಲು ಹತ್ತಲು ಕಂಬಿ ಬೇಕು, ಓಡುವುದು ಕಷ್ಟ. ಬಿಗಿತ ಇಳಿಸಲು ಮೀನಖಂಡಕ್ಕೆ ಬೊಟಾಕ್ಸ್ ಇಂಜೆಕ್ಷನ್ ಕೊಡಿಸಿದೆವು. ಆಮೇಲೆ ಕೆಲವು ವಾರ ಪ್ಲಾಸ್ಟರ್, ಈಗ ಸ್ಪ್ಲಿಂಟ್. ತುದಿಗಾಲಲ್ಲಿ ನಡೆಯುತ್ತಿದ್ದವಳ ಹಿಮ್ಮಡಿ ಈಗ ನೆಲಕ್ಕೆ ತಾಗುತ್ತದೆ. ನೋಡಿದವರೆಲ್ಲ ‘ಚೆನ್ನಾಗಿ ಸಡಿಲ ಆಗಿದೆ’ ಅಂತಾರೆ.

ಆದರೆ ಬೀಳುವುದು ಹಾಗೇ ಇದೆ. ಇಂಜೆಕ್ಷನ್ ಆದ ಮೇಲೆ ಸ್ವಲ್ಪ ದಿನ ಜಾಸ್ತಿನೇ ಇತ್ತು. ಪಕ್ಕದಲ್ಲಿ ಹೋಗುವ ಮಗುವಿನ ಭುಜ ಸುಮ್ನೆ ತಾಗಿದರೂ ಆಯತಪ್ಪುತ್ತಾಳೆ. ಕೈ ಊರುವಷ್ಟು ಹೊತ್ತೂ ಸಿಗುವುದಿಲ್ಲ.

ಬಿಗಿತ ಹೋದರೆ ಬ್ಯಾಲೆನ್ಸ್ ತಾನಾಗಿ ಬರಬೇಕಲ್ವಾ? ಇಷ್ಟು ವರ್ಷ ಎಲ್ಲರೂ ನಮ್ಮ ಹತ್ತಿರ ಬಿಗಿತದ ಬಗ್ಗೆ ಮಾತ್ರ ಮಾತಾಡಿದ್ದಾರೆ. ಸ್ನಾಯುವಿನೊಳಗೆ ಬೇರೆ ಏನಾದರೂ ನಡೆಯುತ್ತಿದೆಯಾ? ಗೊತ್ತಿರುವವರು ಬಿಡಿಸಿ ಹೇಳಿ.

ಎರಡುಜಡೆ

ನಮ್ಮನೆಯಲ್ಲೂ ಇದೇ ಪ್ರಶ್ನೆ. ಉತ್ತರಕ್ಕೆ ಕಾಯ್ತಾ ಇದ್ದೇನೆ.

ಚಲನವಲನ

ಮಕ್ಕಳ ಫಿಸಿಯೋಥೆರಪಿ ನನ್ನ ಕೆಲಸ. ಮಗುವನ್ನು ನೋಡದೆ ಇದೇ ಕಾರಣ ಅಂತ ಹೇಳಲಾರೆ. ಆದರೆ ಬಿಗಿತ ಹೋದರೆ ಬ್ಯಾಲೆನ್ಸ್ ತಾನಾಗಿ ಬರುವುದಿಲ್ಲ. ಅವು ಎರಡು ಬೇರೆ ಲೆಕ್ಕ.

ಸಿಪಿಯಲ್ಲಿ ಮೆದುಳಿಗೆ ಆದ ಹಾನಿ ವರ್ಷ ಕಳೆದಂತೆ ಜಾಸ್ತಿ ಆಗುವುದಿಲ್ಲ. ಸ್ನಾಯು ಮತ್ತು ಮೂಳೆ ಮಾತ್ರ ಬದಲಾಗುತ್ತಲೇ ಇರುತ್ತವೆ. ಕಣ್ಣಿಗೆ ಬೇಗ ಬೀಳುವುದು ಬಿಗಿತ, ಹಾಗಾಗಿ ಎಲ್ಲರ ಗಮನವೂ ಅಲ್ಲೇ. ಸ್ಪಾಸ್ಟಿಸಿಟಿ, ಅಂದರೆ ನರದಿಂದ ಬರುವ ಈ ಬಿಗಿತ, ಏನು ಅಂತ ನರರೋಗ ತಜ್ಞ ಜೇಮ್ಸ್ ಲ್ಯಾನ್ಸ್ 1980ರಲ್ಲಿ ಹೇಳಿದ್ದನ್ನೇ ಇವತ್ತಿಗೂ ಬಳಸುತ್ತೇವೆ: ಸ್ನಾಯುವನ್ನು ಎಷ್ಟು ಬೇಗ ಎಳೆಯುತ್ತೇವೋ ಅಷ್ಟು ಜೋರಾಗಿ ಅದು ತಡೆಯುತ್ತದೆ. ನಿಧಾನಕ್ಕೆ ಎಳೆದರೆ ಅಷ್ಟು ತಡೆ ಇರುವುದಿಲ್ಲ.

ನಿಮ್ಮ ಮಗಳ ಪಾದವನ್ನು ಥೆರಪಿಸ್ಟ್ ಒಮ್ಮೆ ಥಟ್ಟನೆ, ಒಮ್ಮೆ ನಿಧಾನವಾಗಿ ಮೇಲಕ್ಕೆ ಮಡಚಿರುತ್ತಾರೆ. ಅದು ಟಾರ್ಡ್ಯೂ ಪರೀಕ್ಷೆ. ಥಟ್ಟನೆ ಎಳೆದಾಗ ಸಿಕ್ಕಿಹಾಕಿಕೊಳ್ಳುವ ಕೋನ ಒಂದು, ನಿಧಾನಕ್ಕೆ ಎಳೆದಾಗ ಕೊನೆಗೆ ಮುಟ್ಟುವ ಕೋನ ಇನ್ನೊಂದು. ಎರಡರ ನಡುವೆ ಅಂತರ ದೊಡ್ಡದಿದ್ದರೆ ನರದಿಂದ ಬರುವ ಬಿಗಿತ ಜಾಸ್ತಿ ಅಂತ ಅರ್ಥ, ಬೊಟಾಕ್ಸಿಗೆ ಅದು ಬಗ್ಗುತ್ತದೆ. ಅಂತರ ಚಿಕ್ಕದಿದ್ದು ಪಾದ ಬೇಗನೆ ನಿಂತುಬಿಟ್ಟರೆ ಸ್ನಾಯುವೇ ಗಿಡ್ಡವಾಗಿ ಗಡುಸಾಗಿದೆ. ಅದಕ್ಕೆ ಇಂಜೆಕ್ಷನ್ ಒಂದೇ ಸಾಲದು.

ಈ ಎರಡು ಕೋನದಲ್ಲಿ ಯಾವುದೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಆ ಪರೀಕ್ಷೆಯಲ್ಲಿ ಮಗು ಮಲಗಿರುತ್ತದೆ, ಕಾಲು ಎತ್ತುವವರು ಬೇರೆಯವರು. ಬೀಳುವುದು ನಿಂತಾಗ. ಆಗ ಬೇಕಾದದ್ದು ಬಲ, ಅದೂ ಸರಿಯಾದ ಕ್ಷಣಕ್ಕೆ ಬರುವ ಬಲ. ಸಿಪಿ ಇರುವ ಮಕ್ಕಳ ಸ್ನಾಯು ಬಿಗಿ ಇದೆ ಅಂದ ಮಾತ್ರಕ್ಕೆ ಗಟ್ಟಿ ಇದೆ ಅಂತಲ್ಲ. ಸಾಮಾನ್ಯವಾಗಿ ದುರ್ಬಲವಾಗಿಯೇ ಇರುತ್ತದೆ. ಸೊಂಟಕ್ಕಿಂತ ಪಾದದ ಹತ್ತಿರದ ಸ್ನಾಯುಗಳಲ್ಲಿ ಈ ದುರ್ಬಲತೆ ಹೆಚ್ಚು.

ಇನ್ನು ಬೊಟಾಕ್ಸ್. ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ಅದು ಸುಮಾರು ಮೂರು ತಿಂಗಳು ತಡೆಯುತ್ತದೆ. ಬಿಗಿತ ಇಳಿಯುತ್ತದೆ, ಇದ್ದ ಬಲವೂ ಸ್ವಲ್ಪ ಇಳಿಯುತ್ತದೆ. ಆ ದಿನಗಳಲ್ಲಿ ಬೀಳುವುದು ಜಾಸ್ತಿ ಆಯಿತು ಅಂದಿರಲ್ಲ, ಅದರಲ್ಲಿ ಆಶ್ಚರ್ಯ ಇಲ್ಲ. ಆ ಮೂರು ತಿಂಗಳು ವ್ಯಾಯಾಮಕ್ಕೆ ಸಿಕ್ಕ ಅವಕಾಶ. ಸುಮ್ಮನೆ ಕಳೆದರೆ ಔಷಧ ಇಳಿದ ಮೇಲೆ ಬಿಗಿತ ವಾಪಸ್ ಬರುತ್ತದೆ, ಬಲ ಏನೂ ಕೂಡಿರುವುದಿಲ್ಲ.

ಅಳತೆಪಟ್ಟಿ

ನಾನು ಡಾಕ್ಟರ್ ಅಲ್ಲ. ನಡಿಗೆ ಅಳೆಯುವ ಲ್ಯಾಬಿನಲ್ಲಿ ಎಂಜಿನಿಯರ್. ಸ್ನಾಯುವಿನೊಳಗೆ ಏನಾಗುತ್ತದೆ ಅನ್ನೋದನ್ನು ನಾನು ಸೇರಿಸುತ್ತೇನೆ, ಯಾಕೆಂದರೆ ಇದನ್ನು ತಂದೆ ತಾಯಿಗೆ ಯಾರೂ ಹೇಳುವುದಿಲ್ಲ ಅನ್ನೋದು ನನ್ನ ಹಳೇ ದೂರು.

ಮೊದಲನೆಯದು ಗಾತ್ರ. ಅಲ್ಟ್ರಾಸೌಂಡಿನಲ್ಲೋ ಎಂಆರ್‌ಐಯಲ್ಲೋ ನೋಡಿದರೆ ಸಿಪಿ ಇರುವ ಮಗುವಿನ ಮೀನಖಂಡ ಅದೇ ವಯಸ್ಸಿನ ಬೇರೆ ಮಕ್ಕಳದಕ್ಕಿಂತ ಎದ್ದು ಕಾಣುವಷ್ಟು ಚಿಕ್ಕದು. ಇದು ದೊಡ್ಡವರಾದ ಮೇಲೆ ಶುರುವಾಗುವುದಲ್ಲ. ಒಂದೂಕಾಲು ವರ್ಷದ ಹೊತ್ತಿಗೇ ಬೆಳವಣಿಗೆ ಹಿಂದೆ ಬಿದ್ದಿರುವುದನ್ನು ಅಳೆದು ತೋರಿಸಿದ್ದಾರೆ. ಸ್ನಾಯುವಿನ ಹೊಟ್ಟೆ ಭಾಗ ಗಿಡ್ಡ, ಅದಕ್ಕೆ ಜೋಡಿಸಿದ ಹಿಮ್ಮಡಿಯ ಸ್ನಾಯುರಜ್ಜು ಮಾತ್ರ ಉದ್ದ. ಸ್ನಾಯುವಿನ ಎಳೆಗಳ ನಡುವೆ ಕೊಬ್ಬು, ಕೊಲಾಜೆನ್ (ಗಡುಸು ನಾರಿನಂಥ ಪ್ರೋಟೀನ್) ಜಾಸ್ತಿ. ಹೊಸ ಎಳೆ ಕಟ್ಟಲು ಸಹಾಯ ಮಾಡುವ ಸ್ಯಾಟಲೈಟ್ ಕೋಶಗಳು ಕಡಿಮೆ, ಕೆಲವು ಪರೀಕ್ಷೆಗಳಲ್ಲಿ ಅರ್ಧಕ್ಕಿಂತಲೂ ಕಡಿಮೆ ಕಂಡಿವೆ. ಮೂಳೆ ಉದ್ದ ಆಗುತ್ತಾ ಹೋಗುತ್ತದೆ, ಸ್ನಾಯು ಅದರ ಜೊತೆಗೆ ಬೆಳೆಯಲು ಒದ್ದಾಡುತ್ತದೆ. ಎತ್ತರ ಬೇಗ ಬೆಳೆಯುವ ವರ್ಷಗಳಲ್ಲಿ ಬಿಗಿತ ಮತ್ತೆ ಮತ್ತೆ ವಾಪಸ್ ಬಂದ ಹಾಗೆ ಅನ್ನಿಸುವುದು ಇದಕ್ಕೇ.

ಎರಡನೆಯದು ನನಗೆ ಬಹಳ ಕುತೂಹಲದ ವಿಷಯ. ಸ್ನಾಯು ಗಿಡ್ಡ ಅಂದರೆ ಒಳಗಿನ ಚಿಕ್ಕ ಚಿಕ್ಕ ಘಟಕಗಳು, ಅಂದರೆ ಸಾರ್ಕೋಮಿಯರ್‌ಗಳು, ಕುಗ್ಗಿ ಕೂತಿರುತ್ತವೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ. ಆಪರೇಷನ್ ಸಮಯದಲ್ಲಿ ಅಳೆದು ನೋಡಿದರೆ ಉಲ್ಟಾ. ಅವು ವಿಪರೀತ ಹಿಗ್ಗಿ ನಿಂತಿವೆ. ಸಂಖ್ಯೆ ಕಡಿಮೆ, ಇರುವುದೆಲ್ಲ ಎಳೆದಾಡಿ ಜಾಗ ತುಂಬಿಸುತ್ತಿವೆ. ಎರಡು ಕೈಯ ಬೆರಳುಗಳನ್ನು ಒಂದರೊಳಗೊಂದು ಹೆಣೆದು, ತುದಿ ಮಾತ್ರ ತಾಗುವವರೆಗೆ ಹೊರಗೆ ಎಳೆಯಿರಿ. ಹಿಡಿತ ಎಲ್ಲಿ ಉಳಿಯಿತು? ಸಾರ್ಕೋಮಿಯರ್ ಕಥೆಯೂ ಅಷ್ಟೇ. ಅತಿಯಾಗಿ ಹಿಗ್ಗಿದರೆ ಬಲ ಹುಟ್ಟುವುದಿಲ್ಲ. ಹಾಗಾಗಿ ಒಂದೇ ಸ್ನಾಯು ಏಕಕಾಲಕ್ಕೆ ಬಿಗಿಯೂ ಹೌದು, ಬಲಹೀನವೂ ಹೌದು.

ಮೂರನೆಯದು ವೇಗ. ಒಟ್ಟು ಬಲ ಕಡಿಮೆ ಇರುವುದಷ್ಟೇ ಅಲ್ಲ, ಬಲ ಏರುವ ವೇಗ ಇನ್ನೂ ಕಡಿಮೆ. ಮುಗ್ಗರಿಸಿದಾಗ ಸಾವರಿಸಿಕೊಳ್ಳಲು ಒಂದು ಸೆಕೆಂಡೂ ಸಿಗುವುದಿಲ್ಲ. ಅಷ್ಟರೊಳಗೆ ಬಾರದ ಬಲ ಇದ್ದೂ ಇಲ್ಲದ ಹಾಗೆ. ಮೂಲ ಪ್ರಶ್ನೆ ಕೇಳಿದವರು ‘ಕೈ ಊರುವಷ್ಟು ಹೊತ್ತೂ ಸಿಗುವುದಿಲ್ಲ’ ಅಂದಿದ್ದು ಓದಿದಾಗ ನನಗೆ ಮೊದಲು ಹೊಳೆದದ್ದು ಇದೇ.

ಬೆಳ್ಳಕ್ಕಿ

ಇಬ್ಬರಿಗೂ ಥ್ಯಾಂಕ್ಸ್. ಬೆರಳು ಹೆಣೆದು ಎಳೆದು ನೋಡಿದೆ. ಇಷ್ಟು ಸರಳವಾಗಿ ಯಾರೂ ಹೇಳಿರಲಿಲ್ಲ.

ಹಾಗಾದರೆ ಬೆಳಿಗ್ಗೆ ಸಂಜೆ ಕೂತು ಎಳೆದು ಎಳೆದು ಮಾಡುವ ಸ್ಟ್ರೆಚಿಂಗ್ ಎಲ್ಲ ದಂಡವಾ? ಅವಳು ಅಳುತ್ತಾಳೆ, ನನಗೂ ಸಾಕಾಗುತ್ತದೆ.

ಬರಿಗಾಲು

ದಂಡ ಅಲ್ಲ ಮೇಡಂ, ದಯವಿಟ್ಟು ನಿಲ್ಲಿಸಬೇಡಿ. ನಮ್ಮ ಮಗ ಹತ್ತು ವರ್ಷದವನು. ಸ್ಟ್ರೆಚಿಂಗ್ ಬಿಟ್ಟ ರಜೆಯಲ್ಲಿ ಕಾಲು ಗಡುಸಾಗಿದ್ದನ್ನು ನಾವೇ ಕಣ್ಣಾರೆ ನೋಡಿದ್ದೇವೆ. ಅಧ್ಯಯನ ಏನಾದರೂ ಹೇಳಲಿ, ನನ್ನ ಕೈಗೆ ಗೊತ್ತಾಗುತ್ತದೆ.

ಚಲನವಲನ

ಬರಿಗಾಲು ಅವರೇ, ನಿಮ್ಮ ಕೈಗೆ ಗೊತ್ತಾಗುವುದು ಸುಳ್ಳಲ್ಲ. ಎಳೆದ ತಕ್ಷಣ ಸ್ವಲ್ಪ ಹೊತ್ತು ಸಡಿಲ ಆಗುವುದು ನಿಜ. ಆದರೆ ಕೈಯಿಂದ ಕೆಲವು ನಿಮಿಷ ಎಳೆಯುವುದರಿಂದ ಸ್ನಾಯು ಉದ್ದ ಆಗುತ್ತದೆ, ನಡಿಗೆ ಸುಧಾರಿಸುತ್ತದೆ ಅನ್ನೋದಕ್ಕೆ ಆಧಾರ ತೀರಾ ತೆಳು. ಅಯೋನಾ ನೋವಾಕ್ ಮತ್ತು ಸಂಗಡಿಗರು ಸಿಪಿ ಚಿಕಿತ್ಸೆಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿ 2013ರಲ್ಲಿ, ಮತ್ತೆ 2020ರಲ್ಲಿ, ಸಿಗ್ನಲ್ ದೀಪದ ಬಣ್ಣ ಕೊಟ್ಟರು. ಮಗುವಿಗೆ ಬೇಕಾದ ಕೆಲಸವನ್ನೇ ಅಭ್ಯಾಸ ಮಾಡಿಸುವುದು, ಟ್ರೆಡ್‌ಮಿಲ್, ಪ್ಲಾಸ್ಟರ್ ಹಾಕಿ ನಿಧಾನವಾಗಿ ಉದ್ದ ಮಾಡುವುದು, ಇವೆಲ್ಲ ಹಸಿರು. ಬರೀ ಕೈಯಿಂದ ಎಳೆಯುವ ಸ್ಟ್ರೆಚಿಂಗಿಗೆ ಹಸಿರು ಸಿಗಲಿಲ್ಲ.

ನಿಮ್ಮ ಮಗನ ರಜೆಯಲ್ಲಿ ಸ್ಟ್ರೆಚಿಂಗ್ ಒಂದೇ ನಿಂತಿತ್ತಾ? ಸ್ಪ್ಲಿಂಟ್, ನಡಿಗೆ, ಆಟ ಎಲ್ಲವೂ ಕಡಿಮೆ ಆಗಿರಬಹುದು ಅಲ್ವಾ?

ನನ್ನ ಅಭಿಪ್ರಾಯ ಇಷ್ಟು. ಉದ್ದಕ್ಕೆ ಬೇಕಾದದ್ದು ಗಂಟೆಗಟ್ಟಲೆ ಸಿಗುವ ಹದವಾದ ಎಳೆತ. ಅದು ಸ್ಪ್ಲಿಂಟಿನಿಂದ, ಪ್ಲಾಸ್ಟರಿನಿಂದ, ನಿಲ್ಲಿಸುವ ಫ್ರೇಮಿನಿಂದ ಸಿಗುತ್ತದೆ. ಅಳಿಸಿ ಎಳೆಯುವ ಸಮಯದಲ್ಲಿ ಅರ್ಧ ಭಾಗವನ್ನಾದರೂ ಮಗು ತಾನೇ ಕೆಲಸ ಮಾಡುವುದಕ್ಕೆ ಕೊಡಿ. ಆದರೆ ಬೆಳ್ಳಕ್ಕಿ ಅವರೇ, ಇಂಜೆಕ್ಷನ್ ಆಗಿ ಹೆಚ್ಚು ದಿನ ಆಗಿಲ್ಲದಿದ್ದರೆ ನಿಮ್ಮ ಥೆರಪಿಸ್ಟ್ ಕೇಳದೆ ಏನನ್ನೂ ಬದಲಿಸಬೇಡಿ.

ಬರಿಗಾಲು

ಸ್ಪ್ಲಿಂಟ್ ಆಗ ಕಾಲಿಗೆ ಚಿಕ್ಕದಾಗಿತ್ತು, ಹಾಕಿರಲಿಲ್ಲ. ಆದರೂ ನಾನು ಬೆಳಗಿನ ಸ್ಟ್ರೆಚಿಂಗ್ ಬಿಡಲ್ಲ. ಅವನು ಅಳುವುದಿಲ್ಲ, ಅದು ನಮ್ಮಿಬ್ಬರ ಮಾತುಕತೆಯ ಹೊತ್ತು.

ಚಲನವಲನ

ಹಾಗಿದ್ದರೆ ಖಂಡಿತ ಬಿಡಬೇಡಿ.

ಅಳತೆಪಟ್ಟಿ

ಬ್ಯಾಲೆನ್ಸ್ ಬಗ್ಗೆ ಇನ್ನೂ ಯಾರೂ ಬಿಡಿಸಿ ಬರೆದಿಲ್ಲ. ಬರೆಯುತ್ತೇನೆ.

ನೀವು ನಿಂತಿರುವ ಹಲಗೆಯನ್ನು ಯಾರೋ ಥಟ್ಟನೆ ಹಿಂದಕ್ಕೆ ಎಳೆದರು ಅಂದುಕೊಳ್ಳಿ. ಮೈ ಮುಂದಕ್ಕೆ ವಾಲುತ್ತದೆ. ತಕ್ಷಣ ಮೊದಲು ಮೀನಖಂಡ ಬಿಗಿಯುತ್ತದೆ, ಆಮೇಲೆ ತೊಡೆಯ ಹಿಂಭಾಗ, ಆಮೇಲೆ ಬೆನ್ನು. ಕೆಳಗಿನಿಂದ ಮೇಲಕ್ಕೆ, ಸಾಲಾಗಿ. ಸ್ಪಾಸ್ಟಿಕ್ ಸಿಪಿ ಇರುವ ಬಹಳಷ್ಟು ಮಕ್ಕಳಲ್ಲಿ ಈ ಸಾಲು ತಪ್ಪುತ್ತದೆ. ಮೇಲಿನ ಸ್ನಾಯು ಮೊದಲು ಎದ್ದೇಳುತ್ತದೆ, ಅಥವಾ ಮುಂದಿನದೂ ಹಿಂದಿನದೂ ಒಟ್ಟಿಗೆ ಬಿಗಿದುಕೊಳ್ಳುತ್ತವೆ. ಕಾಲು ಗಟ್ಟಿಯಾಗಿ ನಿಲ್ಲುತ್ತದೆ, ಆದರೆ ಮೈಯನ್ನು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ. ಹಾಗಾಗಿ ಕಂಬ ಉರುಳಿದಂತೆ ಬೀಳುವುದು.

ಆದರೆ ಇದರಲ್ಲಿ ಎಲ್ಲವೂ ಮೆದುಳಿನ ತಪ್ಪಲ್ಲ. ಸಿಪಿ ಇಲ್ಲದ ಮಕ್ಕಳನ್ನೇ ಮಂಡಿ ಬಗ್ಗಿಸಿ ನಿಲ್ಲಿಸಿ ಹಲಗೆ ಅಲ್ಲಾಡಿಸಿದರೆ, ಅವರ ಸ್ನಾಯುಗಳ ಸಾಲೂ ಸ್ವಲ್ಪ ಮಟ್ಟಿಗೆ ಹೀಗೇ ಕೆಡುತ್ತದೆ. ಅಂದರೆ ನಿಂತಿರುವ ಭಂಗಿಯೇ ಅರ್ಧ ಆಟ ಕೆಡಿಸಬಲ್ಲದು. ಇದರ ಜೊತೆಗೆ ಕಾಲಿನಿಂದ ಬರುವ ಅರಿವು. ಪಾದ ಎಲ್ಲಿದೆ, ಮಂಡಿ ಎಷ್ಟು ಬಗ್ಗಿದೆ ಅನ್ನೋ ಮಾಹಿತಿ ಈ ಮಕ್ಕಳಲ್ಲಿ ಎಷ್ಟೋ ಸಲ ಮಸುಕು. ಅದಕ್ಕೇ ನೆಲ ನೋಡಿಕೊಂಡು ನಡೆಯುತ್ತಾರೆ. ‘ತಲೆ ಎತ್ತಿ ನಡಿ’ ಅಂತ ಗದರುವವರು ಅವರ ಬ್ಯಾಲೆನ್ಸಿನ ಒಂದು ಊರುಗೋಲನ್ನೇ ಕಿತ್ತುಕೊಳ್ಳುತ್ತಿದ್ದಾರೆ ಅಂತ ತಿಳಿಯಬೇಕು.

ಇದನ್ನು ಕಲಿಸಬಹುದಾ? 2003ರಲ್ಲಿ ಆನ್ ಶಮ್‌ವೇ-ಕುಕ್ ಮತ್ತು ಮಾರ್ಜರಿ ವೂಲಕಾಟ್ ಅವರ ತಂಡ ಆರು ಮಕ್ಕಳನ್ನು ಚಲಿಸುವ ಹಲಗೆಯ ಮೇಲೆ ನಿಲ್ಲಿಸಿ, ದಿನಕ್ಕೆ ನೂರು ಸಲದಂತೆ ಐದು ದಿನ ಅಲ್ಲಾಡಿಸಿತು. ಸಾವರಿಸಿಕೊಳ್ಳುವ ಸಮಯ ಕಡಿಮೆ ಆಯಿತು. ತಿಂಗಳು ಬಿಟ್ಟು ನೋಡಿದಾಗಲೂ ಆ ಲಾಭ ಉಳಿದಿತ್ತು. ಆರೇ ಮಕ್ಕಳು, ಜಾಸ್ತಿ ಹಿಗ್ಗಬೇಕಿಲ್ಲ. ಆದರೆ ಐದು ದಿನದಲ್ಲಿ ಸ್ನಾಯು ದಪ್ಪ ಆಗುವುದಿಲ್ಲವಲ್ಲ. ಬದಲಾದದ್ದು ಅದನ್ನು ಬಳಸುವ ರೀತಿ.

ನಾಲ್ಕನೇ ಹಂತದ ಅಪ್ಪ

ಎಲ್ಲ ಓದಿದೆ. ಚೆನ್ನಾಗಿದೆ. ಆದರೆ ಇಂಥ ಚರ್ಚೆ ಯಾವಾಗಲೂ ನಡೆಯುವ ಮಕ್ಕಳ ಸುತ್ತಲೇ ತಿರುಗುತ್ತದೆ. ನಮ್ಮ ಮಗ ನಾಲ್ಕನೇ ಹಂತ. ಅವನಿಗೆ ಬ್ಯಾಲೆನ್ಸ್ ಅಂದರೆ ಕುರ್ಚಿಯಲ್ಲಿ ಕೂತು ಎರಡೂ ಕೈ ಬಿಟ್ಟು ಪುಸ್ತಕದ ಹಾಳೆ ತಿರುಗಿಸುವುದು. ಮೈ ನೆಟ್ಟಗೆ ನಿಲ್ಲದಿದ್ದರೆ ಒಂದು ಕೈ ಯಾವಾಗಲೂ ಊರಿಕೊಂಡೇ ಇರಬೇಕು, ಕೆಲಸಕ್ಕೆ ಉಳಿಯುವುದು ಒಂದೇ ಕೈ. ಸೊಂಟಕ್ಕೆ ಸರಿಯಾದ ಆಧಾರ ಇರುವ ಕುರ್ಚಿ ಬಂದ ಮೇಲೆ ಅವನ ಬರವಣಿಗೆಯೇ ಬದಲಾಯಿತು. ಕಾಲಿಗೆ ಮಾಡಿದ ಯಾವ ಚಿಕಿತ್ಸೆಯೂ ಅಷ್ಟು ಮಾಡಿರಲಿಲ್ಲ.

ಇನ್ನೊಂದು ಮಾತು, ಇದು ಎಲ್ಲರೂ ತಿಳಿದಿರಬೇಕಾದದ್ದು. ಸೊಂಟದ ಕೀಲು. ಸ್ನಾಯುಗಳ ಎಳೆತ ಸಮ ಇಲ್ಲದಿದ್ದರೆ, ನಿಂತು ಭಾರ ಹಾಕುವುದು ಕಡಿಮೆ ಇದ್ದರೆ, ತೊಡೆ ಮೂಳೆ ನಿಧಾನಕ್ಕೆ ಗುಳಿಯಿಂದ ಹೊರಗೆ ಸರಿಯುತ್ತದೆ. ಶುರುವಿನಲ್ಲಿ ನೋವೇ ಇರುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಮಕ್ಕಳ ಮೇಲೆ ನಡೆದ, 2006ರಲ್ಲಿ ಬಂದ ಅಧ್ಯಯನದಲ್ಲಿ ಒಟ್ಟಾರೆ ಮೂರರಲ್ಲಿ ಒಂದು ಮಗುವಿಗಿಂತ ಸ್ವಲ್ಪ ಜಾಸ್ತಿ, ಅಂದರೆ ಶೇ. 35 ಮಕ್ಕಳಲ್ಲಿ ಹೀಗಾಗಿತ್ತು. ಒಂದನೇ ಹಂತದಲ್ಲಿ ಯಾರಿಗೂ ಇರಲಿಲ್ಲ, ಐದನೇ ಹಂತದಲ್ಲಿ ಶೇ. 90. ಎಕ್ಸ್-ರೇ ಬಿಟ್ಟು ಬೇರೆ ದಾರಿಯಲ್ಲಿ ಬೇಗ ಗೊತ್ತಾಗುವುದಿಲ್ಲ. ಎರಡನೇ ಹಂತದವರೂ ಒಮ್ಮೆ ಕೇಳಿ ನೋಡಿ.

ಎರಡುಜಡೆ

ಈ ಹಂತಗಳು ಬದಲಾಗುತ್ತವಾ? ನಮ್ಮ ಮಗು ಈಗ ಮೂರನೇ ಹಂತ, ವಾಕರ್ ಹಿಡಿದು ನಡೆಯುತ್ತಾನೆ. ಚೆನ್ನಾಗಿ ವ್ಯಾಯಾಮ ಮಾಡಿಸಿದರೆ ಎರಡಕ್ಕೆ ಬರಬಹುದು ಅಂತ ಒಬ್ಬರು ಹೇಳಿದರು.

ಚಲನವಲನ

ಜಿಎಂಎಫ್‌ಸಿಎಸ್ ಪರೀಕ್ಷೆಯ ಅಂಕ ಅಲ್ಲ. ಕೆನಡಾದಲ್ಲಿ ಪಲಿಸಾನೊ, ರೋಸೆನ್‌ಬಾಮ್ ಮುಂತಾದವರು 1997ರಲ್ಲಿ ಇದನ್ನು ಮಾಡಿದ್ದು, ಮಗು ದಿನನಿತ್ಯ ಹೇಗೆ ಓಡಾಡುತ್ತದೆ ಅಂತ ಎಲ್ಲರೂ ಒಂದೇ ಭಾಷೆಯಲ್ಲಿ ಮಾತಾಡಲಿ ಅಂತ. ಎರಡು ವರ್ಷದೊಳಗೆ ಹೇಳಿದ್ದು ಆಮೇಲೆ ಬದಲಾಗಬಹುದು. ಆಮೇಲೆ ಬಹುಪಾಲು ಮಕ್ಕಳು ಅದೇ ಹಂತದಲ್ಲಿ ಉಳಿಯುತ್ತಾರೆ.

ಒಂಟಾರಿಯೋದ 657 ಮಕ್ಕಳನ್ನು ಹಿಂಬಾಲಿಸಿ 2002ರಲ್ಲಿ ಬೆಳವಣಿಗೆಯ ರೇಖೆಗಳನ್ನು ಬರೆದರು. ಒಂದನೇ ಹಂತದ ಮಕ್ಕಳು ಐದು ವರ್ಷದ ಹತ್ತಿರ ತಮ್ಮಿಂದಾಗುವ ದೊಡ್ಡ ಚಲನೆಗಳ ಶೇ. 90 ಭಾಗ ಮುಟ್ಟುತ್ತಾರೆ, ಐದನೇ ಹಂತದವರು ಮೂರು ವರ್ಷ ತುಂಬುವ ಮೊದಲೇ. ಮುಂದುವರಿದ ಅಧ್ಯಯನದಲ್ಲಿ ಮೂರು, ನಾಲ್ಕು, ಐದನೇ ಹಂತದವರು ಏಳೆಂಟು ವರ್ಷದ ಸುಮಾರಿಗೆ ಮೇಲೆ ಮುಟ್ಟಿ ಆಮೇಲೆ ಸ್ವಲ್ಪ ಇಳಿಯುವುದು ಕಂಡಿತು. ಮೈ ತೂಕ ಏರುತ್ತದೆ, ಸ್ನಾಯು ಅಷ್ಟು ಏರುವುದಿಲ್ಲ.

ಹಾಗಾಗಿ ‘ಹಂತ ಇಳಿಸುತ್ತೇವೆ’ ಅಂತ ಯಾರಾದರೂ ಮಾತು ಕೊಟ್ಟರೆ ಅನುಮಾನ ಇಟ್ಟುಕೊಳ್ಳಿ. ಹಂತದೊಳಗೆ ಮಾಡಬಹುದಾದದ್ದು ಬೇಕಾದಷ್ಟಿದೆ. ವಾಕರ್ ಮುಂದೆ ತಳ್ಳುವುದಾ, ಹಿಂದೆ ಇರುವುದಾ? ಬಹಳ ಮಕ್ಕಳು ಹಿಂದಿನ ವಾಕರಿನಲ್ಲಿ ಹೆಚ್ಚು ನೆಟ್ಟಗೆ ನಿಲ್ಲುತ್ತಾರೆ. ಕೇಳಿ ನೋಡಿ.

ಊರುಗೋಲು

ನಾನು ಸಿಪಿ ಇರುವ ದೊಡ್ಡವನು. ಚಿಕ್ಕವನಿದ್ದಾಗ ನನ್ನ ಮೇಲೆ ಪ್ರಯೋಗವಾದದ್ದೆಲ್ಲ ಇಲ್ಲಿ ಹೆಸರು ಹಿಡಿದು ಬರುತ್ತಿದೆ, ಓದಿ ನಗು ಬಂತು.

ಹಿಮ್ಮಡಿಯ ಸ್ನಾಯುರಜ್ಜನ್ನು ಕತ್ತರಿಸಿ ಸಡಿಲ ಮಾಡುವುದು ಹೊಸದೇನಲ್ಲ. ಸ್ಪಾಸ್ಟಿಕ್ ಸಿಪಿಯನ್ನು 19ನೇ ಶತಮಾನದಲ್ಲಿ ವಿವರಿಸಿದ ವಿಲಿಯಂ ಲಿಟಲ್ ಇದ್ದರಲ್ಲ, ಅವರಿಗೇ ತಿರುಚಿದ ಪಾದ ಇತ್ತು. ಜರ್ಮನಿಗೆ ಹೋಗಿ ಸ್ಟ್ರೋಮೆಯರ್ ಅನ್ನುವ ಸರ್ಜನ್ ಹತ್ತಿರ 1836ರಲ್ಲಿ ಈ ಆಪರೇಷನ್ ಮಾಡಿಸಿಕೊಂಡರು. ಸರಿಹೋಯಿತು. ಆದರೆ ಲಿಟಲ್ ಅವರಿಗೆ ಸಿಪಿ ಇರಲಿಲ್ಲ, ನನಗಿದೆ. ನನಗೆ ಸಡಿಲ ಮಾಡಿದ್ದು ಅತಿಯಾಯಿತು. ತುದಿಗಾಲು ಹೋಗಿ ಮಂಡಿ ಬಗ್ಗಿತು. ಮೀನಖಂಡ ಮೊಣಕಾಲ ಕೆಳಗಿನ ಮೂಳೆ ಮುಂದಕ್ಕೆ ಉರುಳದಂತೆ ಹಿಡಿದಿಡುತ್ತದೆ. ಅದು ಸೋತರೆ ಮಂಡಿ ಕುಸಿಯುತ್ತದೆ, ದಿನವಿಡೀ ಅರ್ಧ ಕುಕ್ಕರಿಸಿಕೊಂಡೇ ನಡೆಯಬೇಕು. ಯಾರಾದರೂ ಮಂಡಿ ಬಗ್ಗಿಸಿಕೊಂಡು ಹತ್ತು ನಿಮಿಷ ನಡೆದು ನೋಡಿ, ಆಮೇಲೆ ‘ಯಾಕೆ ಇಷ್ಟು ಬೇಗ ಸುಸ್ತಾಗ್ತೀಯಾ’ ಅಂತ ಕೇಳಿ.

ಬೆಳ್ಳಕ್ಕಿ ಅಕ್ಕ, ಮಗಳ ಹಿಮ್ಮಡಿ ನೋಡಿದಷ್ಟೇ ಗಮನದಿಂದ ಮಂಡಿಯನ್ನೂ ನೋಡುತ್ತಾ ಇರಿ. ಪಕ್ಕದಿಂದ ವಿಡಿಯೋ ತೆಗೆದಿಟ್ಟುಕೊಳ್ಳಿ.

ಮತ್ತೆ, ದೂರ ಹೋಗುವಾಗ ವೀಲ್‌ಚೇರ್ ಬಳಸಿದರೆ ನಡಿಗೆ ಮರೆತುಹೋಗುತ್ತದೆ ಅನ್ನೋ ಹೆದರಿಕೆ ಬೇಡ. ನಾನು ಬಳಸುತ್ತೇನೆ. ಹೋದ ಜಾಗದಲ್ಲಿ ಏನಾದರೂ ಮಾಡಲು ಮೈಯಲ್ಲಿ ಶಕ್ತಿ ಉಳಿದಿರುತ್ತದೆ.

ಬೆಳ್ಳಕ್ಕಿ

ವಿಡಿಯೋ ತೆಗೆದೆ. ಎಡ ಮಂಡಿ ಸ್ವಲ್ಪ ಬಗ್ಗೇ ಇದೆ. ಮುಂದಿನ ಭೇಟಿಯಲ್ಲಿ ತೋರಿಸುತ್ತೇನೆ.

ಈಗ ನೇರ ಪ್ರಶ್ನೆ. ಮನೆಯಲ್ಲಿ ಏನು ಮಾಡಿಸಲಿ? ಬಲದ ವ್ಯಾಯಾಮ ಮಾಡಿಸಿದರೆ ಬಿಗಿತ ಜಾಸ್ತಿ ಆಗುತ್ತದೆ ಅಂತ ಹಿಂದೆ ಒಬ್ಬರು ಹೆದರಿಸಿದ್ದರು.

ಚಲನವಲನ

ಆ ಹೆದರಿಕೆ ಹಳೆಯದು. ಬಲದ ವ್ಯಾಯಾಮದಿಂದ ಬಿಗಿತ ಏರುವುದಿಲ್ಲ ಅಂತ ಹಲವಾರು ಅಧ್ಯಯನ ತೋರಿಸಿವೆ.

ಆದರೆ ಬರೀ ಭಾರ ಎತ್ತಿಸಿದರೆ ಸಾಲದು. ನೆದರ್‌ಲ್ಯಾಂಡ್ಸಿನಲ್ಲಿ 2010ರಲ್ಲಿ 12 ವಾರ ಕ್ರಮವಾಗಿ ಭಾರ ಏರಿಸಿ ಮಾಡಿಸಿದರು. ಬಲ ಏರಿತು, ನಡಿಗೆ ಅಲ್ಲೇ ಇತ್ತು. ಅದೇ ದೇಶದಲ್ಲಿ 2017ರಲ್ಲಿ ಇನ್ನೊಂದು ತಂಡ 14 ವಾರ, ವಾರಕ್ಕೆ ಮೂರು ಸಲ, ಓಟ, ತಳ್ಳುವುದು, ಮೆಟ್ಟಿಲು ಇಂಥವನ್ನೇ ಭಾರದ ಜೊತೆ ವೇಗವಾಗಿ ಮಾಡಿಸಿತು. ಆಗ ನಡಿಗೆಯೂ ಸುಧಾರಿಸಿತು. ಅಳತೆಪಟ್ಟಿ ಅವರು ಮೇಲೆ ಹೇಳಿದ ವೇಗದ ಮಾತು ಇಲ್ಲಿ ಕೂಡಿಕೊಳ್ಳುತ್ತದೆ.

ಮನೆಯಲ್ಲಿ ಅಂದರೆ: ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಏಳುವುದು ಚುರುಕಾಗಿ, ಕೂರುವುದು ನಿಧಾನವಾಗಿ. ಸುಲಭ ಅನ್ನಿಸಿದರೆ ಕುರ್ಚಿ ತಗ್ಗಿಸಿ. ಒಂದು ಮೆಟ್ಟಿಲು ಪಕ್ಕಕ್ಕೆ ಹತ್ತುವುದು. ತುಂಬಿದ ಪೆಟ್ಟಿಗೆ ತಳ್ಳಿಕೊಂಡು ಓಡುವುದು. ಆಟ ಮಾಡಿ, ಎಣಿಕೆ ಬೇಡ. ಬ್ಯಾಲೆನ್ಸಿಗೆ, ನೀವು ಹತ್ತಿರವೇ ನಿಂತು ಭುಜವನ್ನೋ ಸೊಂಟವನ್ನೋ ಹಗುರವಾಗಿ ದೂಡಿ. ಮೊದಲು ಹೇಳಿ ದೂಡಿ, ಆಮೇಲೆ ಹೇಳದೆ. ಹೆಜ್ಜೆ ಮುಂದಿಟ್ಟು ಸಾವರಿಸಿಕೊಂಡರೆ ಅದೂ ಗೆಲುವೇ. ಬೀಳುವುದನ್ನೂ ಕಲಿಸಿ. ಮೆತ್ತನೆ ಹಾಸಿನ ಮೇಲೆ ಕೈ ಮುಂದಕ್ಕೆ ಚಾಚುವುದು ಅಭ್ಯಾಸ ಆಗಲಿ. ಮೊದಲು ನಿಮ್ಮ ಥೆರಪಿಸ್ಟ್ ಎದುರು ಒಮ್ಮೆ ಮಾಡಿ ತೋರಿಸಿ.

ಅಳತೆಗೆ ಬರೀ ಕೋನ ಸಾಲದು ಅಂತ ಹೇಳಿ. ಮಕ್ಕಳ ಬ್ಯಾಲೆನ್ಸ್ ಪರೀಕ್ಷೆಯೇ ಇದೆ, 14 ಕೆಲಸ, ಒಟ್ಟು 56 ಅಂಕ. ಕುರ್ಚಿಯಿಂದ ಎದ್ದು ನಡೆದು ತಿರುಗಿ ಬಂದು ಕೂರುವುದಕ್ಕೆ ಎಷ್ಟು ಸೆಕೆಂಡ್ ಅಂತ ನೋಡುವುದೂ ಇದೆ. ಮೂರು ತಿಂಗಳಿಗೊಮ್ಮೆ ಇದರಲ್ಲಿ ಏನಾಯಿತು ಅಂತ ಕೇಳಿ.

ಬೆಳ್ಳಕ್ಕಿ

ಕೊನೆಯದಾಗಿ ಒಂದು. ಇದನ್ನೆಲ್ಲ ಸ್ಪ್ಲಿಂಟ್ ಹಾಕಿಯೇ ಮಾಡಿಸಲಾ, ತೆಗೆದಾ?

ಚಲನವಲನ

ಎರಡೂ ಬೇಕು. ಪಾದವನ್ನು ಪೂರ್ತಿ ಹಿಡಿದಿಡುವ ಗಟ್ಟಿ ಸ್ಪ್ಲಿಂಟಿನಲ್ಲಿ ನಿಲುವು ಸಿಗುತ್ತದೆ, ಆದರೆ ಹರಡಿನ ಕೀಲು ಅಲ್ಲಾಡದ ಕಾರಣ ಮೀನಖಂಡಕ್ಕೆ ಸಾವರಿಸುವ ಕೆಲಸವೇ ಸಿಗುವುದಿಲ್ಲ. ಕೀಲು ಇರುವ ಸ್ಪ್ಲಿಂಟಿನಲ್ಲಿ ಸ್ವಲ್ಪ ಸಿಗುತ್ತದೆ. ಆದರೆ ಮಂಡಿ ಕುಸಿಯುವ ಮಗುವಿಗೆ ಕೀಲಿನದು ಒಗ್ಗದೆ ಇರಬಹುದು. ಎಡ ಮಂಡಿಯ ವಿಡಿಯೋ ತೋರಿಸುವಾಗ ಇದನ್ನೂ ಕೇಳಿ. ಅಲ್ಲಿಯವರೆಗೆ ತಳ್ಳುವ ಓಟ, ಮೆಟ್ಟಿಲು ಸ್ಪ್ಲಿಂಟ್ ಹಾಕಿ. ದೂಡುವ ಆಟ ಬರಿಗಾಲಲ್ಲಿ, ಗೋಡೆ ಹತ್ತಿರ.

ಬರಿಗಾಲು

ನನ್ನ ಹೆಸರು ಕರೆದ ಹಾಗಾಯಿತು :)

ಬೆಳ್ಳಕ್ಕಿ

ಸರಿ. ಪೆಟ್ಟಿಗೆ ತಳ್ಳುವ ಆಟ ಇವತ್ತೇ ಶುರು. ತಮ್ಮನನ್ನು ಒಳಗೆ ಕೂರಿಸಿದರೇ ತಳ್ಳುವುದು ಅಂತ ಹಠ ಹಿಡಿದಿದ್ದಾಳೆ. ಭಾರ ಜಾಸ್ತಿ ಆಯಿತಾ?

ಚಲನವಲನ

ತಳ್ಳಿಕೊಂಡು ಚುರುಕಾಗಿ ಹೋಗಲು ಆಗುತ್ತಿದ್ದರೆ ಸರಿ ಇದೆ. ಪೆಟ್ಟಿಗೆ ಮೇಲೆ ಒರಗಿ ಎಳೆದಾಡಿಕೊಂಡು ಹೋದರೆ ತಮ್ಮನನ್ನು ಇಳಿಸಿ, ಪುಸ್ತಕ ತುಂಬಿ.